ಚಳಿಗಾಲದ ಚಕ್ರಗಳ ಶಸ್ತ್ರಚಿಕಿತ್ಸೆ

ನವೆಂಬರ್ ಹದಿನೈದು, ಶನಿವಾರ, ಬೆಳಿಗ್ಗೆ ಏಳು ಗಂಟೆ. ಸ್ಥಳ: ಸಿಯಾಟಲ್ ಹತ್ತಿರದ ಇಸಾಕ್ವಾದ ನಮ್ಮ ಮನೆಯ ಗರಾಜು. ಹಾಜರಿದ್ದವರು: ನಾನು, ನನ್ನ ಯಜಮಾನರು ಮತ್ತು ನಮ್ಮ ಬೂದು ಬಣ್ಣದ ಕಾರು. ಮೂವರ ಆರೋಗ್ಯವೂ ಸಮಾಧಾನಕರವಾಗಿತ್ತು. ಹೊರಗೆ ಮಳೆ ಇತ್ತು. ಅದರ ಹಾಜರಿಯನ್ನು ಇಲ್ಲಿ ಯಾರೂ ಹಾಕುವುದಿಲ್ಲ. ಅಕ್ಟೋಬರಿನಿಂದ ಅದು ಖಾಯಂ ನೌಕರ.

ಹೀಗೆ ಎಲ್ಲವನ್ನೂ ಕ್ರಮವಾಗಿ ಹೇಳುವುದು ನನಗೆ ರೂಢಿ. ಮೊದಲು ಹುಬ್ಬಳ್ಳಿಯಲ್ಲಿ, ಆಮೇಲೆ ಸಿಯಾಟಲ್‌ನಲ್ಲಿ, ನಿವೃತ್ತಿಯಾಗುವವರೆಗೂ ಆಪರೇಷನ್ ಥಿಯೇಟರಿನ ನರ್ಸಾಗಿದ್ದವಳು ನಾನು. ನನ್ನ ಥಿಯೇಟರಿನಲ್ಲಿ ಕತ್ತರಿ ತನ್ನ ಜಾಗ ಬಿಟ್ಟು ಕದಲುತ್ತಿರಲಿಲ್ಲ. ದೊಡ್ಡ ದೊಡ್ಡ ಸರ್ಜನ್ನರು ನನ್ನ ಕೆಮ್ಮು ಕೇಳಿ ಕೈ ತೊಳೆಯಲು ಹಿಂದಿರುಗಿದ್ದಾರೆ.

ಆ ದಿನದ ಕೆಲಸ ಒಂದೇ. ಕಾರಿನ ಬೇಸಿಗೆಯ ಚಕ್ರಗಳನ್ನು ತೆಗೆದು, ಜಾರದೆ ಓಡುವ ಹಿಮದ ಚಕ್ರಗಳನ್ನು ಹಾಕುವುದು. ಮರುದಿನ ಬೆಳಿಗ್ಗೆ ಸ್ಪೋಕೇನ್‌ನಲ್ಲಿ ನಮ್ಮ ಮಗಳು ಅಪರ್ಣಾಳ ಸೀಮಂತ. ನಮಗೂ ಅವಳಿಗೂ ನಡುವೆ ಸ್ನೊಕ್ವಾಲ್ಮಿ ಘಾಟಿ. ಘಾಟಿಯಲ್ಲಿ ಸಂಜೆಯಿಂದ ಜೋರು ಹಿಮ ಎಂದು ಹವಾಮಾನದವರು ಹೇಳಿದ್ದರು. ಟೈರ್ ಅಂಗಡಿಯವರು ಮುಂದಿನ ವಾರ ಬನ್ನಿ ಎಂದಿದ್ದರು. ಅಪರ್ಣಾ ಫೋನಿನಲ್ಲಿ ಅದಕ್ಕಿಂತ ಸ್ಪಷ್ಟವಾಗಿ ಹೇಳಿದ್ದಳು:

"ಅಮ್ಮಾ, ಇಫ್ ಯು ಡೋಂಟ್ ಕಮ್, ಐ ಆಮ್ ನಾಟ್ ಸಿಟಿಂಗ್. ಪೀರಿಯಡ್."

ಮಣೆಯ ಮೇಲೆ ಕೂರುವುದಿಲ್ಲ ಎಂದು ಅದರ ಅರ್ಥ. ಸೀಮಂತಕ್ಕೆ ತವರಿನ ಹಸಿರು ಸೀರೆ ಬೇಕು, ಅದನ್ನು ಉಡಿಸಲು ತಾಯಿ ಬೇಕು. ಇಷ್ಟು ಸಾಲದು ಎಂಬಂತೆ ಅವಳ ಅತ್ತೆ, ನನ್ನ ಬೀಗಿತ್ತಿ ವಿಮಲಾಬಾಯಿಯವರು, ಬೆಳಗಾವಿಯಿಂದ ಬಂದು ಆಗಲೇ ಅಲ್ಲಿ ಕುಳಿತಿದ್ದರು. "ಪರದೇಶದಾಗ ಇದ್ದವರಿಗೆ ರೀತಿ ರಿವಾಜು ಮರ್ತು ಹೋಗಿರತದ, ಪಾಪ" ಎಂದು ಅವರು ಎರಡು ಸಲ ಹೇಳಿದ್ದರಂತೆ. ಆ "ಪಾಪ" ನನ್ನ ಎದೆಯಲ್ಲಿ ಮುರಿದ ಸೂಜಿಯಂತೆ ಉಳಿದಿತ್ತು.

ಸರಿ, ಚಕ್ರವಷ್ಟೇ ತಾನೇ! ಮನುಷ್ಯರ ಮೊಣಕಾಲಿನ ಕೀಲು ಬದಲಾಯಿಸುವಾಗ ಪಕ್ಕದಲ್ಲಿ ನಿಂತವಳು ನಾನು. ಕಾರಿಗೆ ನೋವಾಗುವುದಿಲ್ಲ. ರಕ್ತ ಬರುವುದಿಲ್ಲ. ಸಂಬಂಧಿಕರು ಹೊರಗೆ ನಿಂತು ಅಳುವುದಿಲ್ಲ.

ಯಜಮಾನರು ಕೆಲಸಕ್ಕೆ ತೊಡುವ ನೀಲಿ ಡಾಂಗ್ರಿ ತೊಟ್ಟೆ. ತಲೆಗೆ ನನ್ನ ಹಳೆಯ ಥಿಯೇಟರ್ ಟೋಪಿ, ಕೈಗೆ ರಬ್ಬರ್ ಗವಸು. ಯಜಮಾನರಾದ ಶ್ರೀಪಾದರಾಯರು ವಿಮಾನದ ಎಂಜಿನಿಯರಾಗಿದ್ದವರು. ರೆಕ್ಕೆ ಎಷ್ಟು ಬಾಗಿದರೂ ಮುರಿಯುವುದಿಲ್ಲ ಎಂದು ಅವರು ಲೆಕ್ಕ ಹಾಕಿ ಕೊಟ್ಟ ಮೇಲೆಯೇ ಜನ ಆಕಾಶದಲ್ಲಿ ಕುಳಿತು ನಿಶ್ಚಿಂತೆಯಿಂದ ಊಟ ಮಾಡುತ್ತಿದ್ದುದು. ಅವರಿಗೆ ನಾನು ಸಹಾಯಕ ನರ್ಸಿನ ಹುದ್ದೆ ಕೊಟ್ಟೆ.

"ಒಂದು ಚಕ್ರ ತಗದು, ಅಲ್ಲೇ ಹೊಸಾದು ಹಾಕಿ, ಆಮ್ಯಾಲ ಇನ್ನೊಂದಕ್ಕ ಹೋದ್ರ ಹ್ಯಾಂಗ?" ಎಂದರು ಅವರು.

"ಹಂಗ ಅರ್ಧಂಬರ್ಧ ನಾ ಕೆಲಸ ಮಾಡಂಗಿಲ್ರಿ. ನಾಲ್ಕೂ ತಗಿಯೋದು, ನಾಲ್ಕೂ ತೊಳಿಯೋದು, ನಾಲ್ಕೂ ಹಾಕೋದು. ನಾ ಕೇಳಿದ್ದು ಅಷ್ಟ ಕೈಯಾಗ ಕೊಡ್ರಿ. ಕೇಳದ ಮಾತಾಡಬ್ಯಾಡ್ರಿ. ಥಿಯೇಟರ್‌ನಾಗ ಮಾತು ಅಂದ್ರ ಸೋಂಕು."

"ಆತು."

"ಆತು ಅನ್ನೋದೂ ಮಾತಽ."

ಅವರು ತಲೆಯಾಡಿಸಿದರು. ಆ ಕ್ಷಣದಿಂದ ನಮ್ಮ ಮನೆಯಲ್ಲಿ ಎಂಜಿನಿಯರಿಂಗ್ ಶಾಸ್ತ್ರವು ಮೌನವ್ರತ ಹಿಡಿಯಿತು.

ಮುಂದಿನ ಬಲಗಡೆಯ ಚಕ್ರದ ಬಳಿ ಜಾಕ್ ಇಟ್ಟು ತಿರುಗಿಸಿದೆ. ಕಾರು ಠೀವಿಯಿಂದ ಮೇಲೆದ್ದಿತು. "ಪಾನಾ!" ಎಂದು ಹಿಂದೆ ನೋಡದೆ ಕೈ ಚಾಚಿದೆ. ಪಾನಾ ಅಂಗೈಗೆ ಬಂದು ಬಿದ್ದಿತು. ಸಹಾಯಕರಲ್ಲಿ ಪ್ರತಿಭೆ ಇತ್ತು. ನಟ್ಟಿಗೆ ಅದನ್ನು ಸಿಕ್ಕಿಸಿ ಮೈಭಾರವನ್ನೆಲ್ಲ ಹಾಕಿದೆ. ನಟ್ಟು ತಿರುಗಲಿಲ್ಲ. ಚಕ್ರ ತಿರುಗಿತು. ಅದರ ಜೊತೆಗೆ ನಾನೂ ತಿರುಗಿ ನೆಲದ ಮೇಲೆ ಕುಳಿತೆ!

ಯಜಮಾನರು ಶಾಲೆಯ ಹುಡುಗನಂತೆ ಬೆರಳು ಎತ್ತಿ ನಿಂತಿದ್ದರು.

"ಏನು, ಹೇಳ್ರಿ."

"ನೆಲದ ಮ್ಯಾಲ ಇದ್ದಾಗ ನಟ್ಟು ಸಡಿಲ ಮಾಡಿಕೊಂಡು, ಆಮ್ಯಾಲ ಎತ್ತಬೇಕು."

"ಮೊದಲಽ ಹೇಳಲಿಕ್ಕೆ ಏನಾಗಿತ್ತು?"

ಅವರು ಗರಾಜಿನ ಮಾಡನ್ನು ನೋಡಿದರು.

ಕಾರನ್ನು ಇಳಿಸಿದೆ. ಪಾನಾದ ಮೇಲೆ ನಿಂತು, ಅಷ್ಟಕ್ಕೂ ಆಗದೆ ಕುಣಿದು, ನಟ್ಟುಗಳನ್ನು ಸಡಿಲಿಸಿದೆ. ಗವಸುಗಳು ಮೊದಲ ಚಕ್ರಕ್ಕೇ ಹರಿದು ಹೋದವು. ಬ್ರೇಕಿನ ಕರಿ ಧೂಳೂ ಹಳೆಯ ಗ್ರೀಸೂ ಸೇರಿ ನನ್ನ ಎರಡೂ ಕೈ ಮಣಿಕಟ್ಟಿನವರೆಗೆ ಕಪ್ಪಾದವು. ಆದರೂ ಕೆಲಸ ನಿಲ್ಲಲಿಲ್ಲ. ಒಂಬತ್ತೂವರೆಯ ಹೊತ್ತಿಗೆ ಕಾರು ನಾಲ್ಕು ಕಬ್ಬಿಣದ ಸ್ಟ್ಯಾಂಡುಗಳ ಮೇಲೆ ಬರಿಗಾಲಿನಲ್ಲಿ ನಿಂತಿತ್ತು. ತೆಗೆದ ಚಕ್ರಗಳಿಗೆ ಸೋಪು ಹಚ್ಚಿ, ಬ್ರಷ್ಷಿನಿಂದ ಉಜ್ಜಿ, ಒರೆಸಿ, ಬಿಳಿ ಹಾಸಿನ ಮೇಲೆ ಪೇರಿಸಿದೆ. ಆಸ್ಪತ್ರೆಯಿಂದ ಮನೆಗೆ ಹೋಗುವ ರೋಗಿ ಸ್ನಾನ ಮಾಡಿಯೇ ಹೋಗಬೇಕು.

ನಟ್ಟುಗಳನ್ನು ಬಿಸಿ ನೀರಿನಲ್ಲಿ ಕುದಿಸಿದೆ. ಹೌದು, ಕುದಿಸಿದೆ. ನಗುವವರು ನಗಲಿ. ಇಪ್ಪತ್ತು ನಟ್ಟುಗಳೂ ಆಗತಾನೇ ತಯಾರಾದ ಬೆಳ್ಳಿಯ ಸಾಮಾನಿನಂತೆ ಹೊಳೆದವು. ಎಣಿಸಿ, ಬಿಳಿ ಬಟ್ಟೆಯಲ್ಲಿ ಸುತ್ತಿ, ಒಳ್ಳೆಯ ಬಿಗಿ ಮುಚ್ಚಳದ ಒಂದು ಸ್ಟೀಲ್ ಡಬ್ಬಿಯಲ್ಲಿ ಭದ್ರಪಡಿಸಿ, ಗರಾಜಿನ ಬಾಗಿಲ ಪಕ್ಕ ಇಟ್ಟೆ. ಅಡುಗೆಮನೆಯ ಕಟ್ಟೆಯ ಮೇಲೆ ಕೈಗೆ ಸಿಕ್ಕ ಡಬ್ಬಿ ಅದು. ಯಾರದು ಎಂದು ನೋಡಲಿಲ್ಲ. ಹತ್ತು ಗಂಟೆ ಹೊಡೆಯಿತು. ಹತ್ತಕ್ಕೆ ನಾನು ಒಳಗೆ ಕುಳಿತು ಚಹಾ ಕುಡಿಯುತ್ತೇನೆ. ಭೂಕಂಪವಾದರೂ ಕುಡಿಯುತ್ತೇನೆ. ಆ ಹೊತ್ತಿನಲ್ಲಿ ಯಾರೂ ನನ್ನನ್ನು ಮಾತನಾಡಿಸಕೂಡದು.

ಚಹಾ ಮುಗಿಸಿ ಬಂದಾಗ ಡಬ್ಬಿ ಇರಲಿಲ್ಲ.

"ರೀ, ಇಲ್ಲೊಂದು ಡಬ್ಬಿ ಇತ್ತಲ್ಲ?"

"ಕೊಟ್ಟೆ."

"ಯಾರಿಗೆ?"

"ಯಾರದದ ಅವರಿಗೆ! ವೀಣಾ ಬಂದಿದ್ಲು. ಅಪರ್ಣಾಗ ಹಸಿರು ಬಳಿ ಕೊಟ್ಟು ಹೋದ್ಲು. ಆಕಿ ಬಿಸಿಬ್ಯಾಳಿಭಾತ್ ಕಳಿಸಿದ್ದ ಡಬ್ಬಿ ಅಲ್ಲೇ ಕೂತಿತ್ತು, ಕೊಟ್ಟುಬಿಟ್ಟೆ."

ವೀಣಾ ನಮ್ಮ ಎರಡು ಮನೆ ಆಚೆಗಿನ ಬೆಂಗಳೂರಿನ ಹುಡುಗಿ. ಪಕ್ಕದೂರು ರೆಡ್ಮಂಡ್‌ನಲ್ಲಿ ಸಾಫ್ಟ್‌ವೇರ್ ಕೆಲಸ.

"ಅದು ಭಾರ ಇತ್ತಲ್ರಿ! ನಿಮಗ ಸಂಶಯ ಬರಲಿಲ್ಲೇನು?"

"ಯಾಕ ಬರಬೇಕು? ನೀ ಯಾವಾಗ ಒಬ್ಬರ ಡಬ್ಬಿ ಖಾಲಿ ವಾಪಸ್ ಕೊಟ್ಟೀ? ಭಾರ ನೋಡಿ ಉಂಡಿ ತುಂಬೀ ಅಂತ ತಿಳಕೊಂಡೆ. ಆಕಿಗೂ ಹಂಗಽ ಹೇಳಿದೆ. ಭಾಳ ಖುಷಿಯಾದ್ಲು."

ಬಂದ ಡಬ್ಬಿಯನ್ನು ಖಾಲಿ ಹಿಂದಿರುಗಿಸಬಾರದು ಎಂಬುದು ನಮ್ಮ ಮನೆಯ ಸಂವಿಧಾನ. ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆಯನ್ನಾದರೂ ಹಾಕಿ ಕೊಡಬೇಕು. ಆ ಕಾನೂನನ್ನು ಯಜಮಾನರಿಗೆ ಮದುವೆಯಾದ ಹೊಸತರಲ್ಲಿ ಕಲಿಸಿದವಳು ನಾನೇ. ಸಂವಿಧಾನ ನನ್ನ ಮೇಲೆಯೇ ಜಾರಿಯಾಗಿತ್ತು!

"ಒಂದು ಮಾತು ನನ್ನ ಕೇಳಬಾರದಾಗಿತ್ತೇನು?"

"ನೀ ಚಹಾ ಕುಡೀಲಿಕ್ಕೆ ಹತ್ತಿದ್ದಿ."

ವೀಣಾಳಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ಮತ್ತೆ ಮಾಡಿದೆ. ಮತ್ತೆ ಎತ್ತಲಿಲ್ಲ. ಆಗ ಯಜಮಾನರು ಮೆಲ್ಲಗೆ, "ಆಕಿ ರೆಡ್ಮಂಡ್‌ನ ಶಾಲಿನಿ ಮನಿಗೆ ಹೊಂಟಿದ್ಲು. ಸತ್ಯನಾರಾಯಣ ಪೂಜಾ ಅಂತ" ಎಂದರು. ನನಗೆ ನೆನಪಾಯಿತು. ಆ ಪೂಜೆಗೆ ನಮ್ಮನ್ನೂ ಕರೆದಿದ್ದರು. ಊರಿಗೆ ಹೋಗುವ ಗಡಿಬಿಡಿ, ಬರಲಾಗುವುದಿಲ್ಲ ಎಂದು ನಾನೇ ಹೇಳಿದ್ದೆ.

ಕಾರು ಕಾಲಿಲ್ಲದೆ ನಿಂತಿದೆ. ಘಾಟಿಯಲ್ಲಿ ಮೋಡ ಕಟ್ಟುತ್ತಿದೆ. ಅಪರ್ಣಾಳ ಹಸಿರು ಸೀರೆ ಚೀಲದಲ್ಲಿದೆ. ನಟ್ಟುಗಳು ರೆಡ್ಮಂಡ್‌ನಲ್ಲಿವೆ. ಬಟ್ಟೆ ಬದಲಿಸಲು ಪುರಸೊತ್ತು ಎಲ್ಲಿದೆ? ಹಾಗೆಯೇ ಟ್ಯಾಕ್ಸಿ ಕರೆಸಿ ಹತ್ತಿದೆ. ಚಾಲಕ ಕನ್ನಡಿಯಲ್ಲಿ ನನ್ನ ಟೋಪಿಯನ್ನೂ ಕೈಗಳನ್ನೂ ನೋಡಿ, ಬಾಗಿಲುಗಳ ಬೀಗ ತೆರೆದೇ ಇಟ್ಟುಕೊಂಡು ಓಡಿಸಿದ.

ಶಾಲಿನಿಯ ಮನೆಯ ಬಾಗಿಲು ತೆರೆದದ್ದು ಜರಿ ಲಂಗ ತೊಟ್ಟ ಒಂದು ಪುಟ್ಟ ಹುಡುಗಿ. ನನ್ನನ್ನು ಮೇಲಿಂದ ಕೆಳಗೆ ನೋಡಿ ಒಳಕ್ಕೆ ಕೂಗಿದಳು:

"ಮಾಮ್! ದ ಪ್ಲಂಬರ್ ಈಸ್ ಹಿಯರ್!"

ಒಳಗೆ ರೇಷ್ಮೆ ಸೀರೆಗಳ ಸಾಲು. ಊದುಬತ್ತಿಯ ಹೊಗೆ. ಭಟ್ಟರು ಕಥೆ ಹೇಳುತ್ತಿದ್ದರು. ಅವರು ವಾರದ ದಿನಗಳಲ್ಲಿ ಸಾಫ್ಟ್‌ವೇರ್ ಪರೀಕ್ಷಿಸುವವರು, ಶನಿವಾರ ಪೌರೋಹಿತ್ಯ. ನಾನು ಎರಡೂ ಕೈಗಳನ್ನು ಡಾಂಗ್ರಿಯ ಜೇಬಿಗೆ ತುರುಕಿ, ಹಿಂದಿನ ಸಾಲಿನಲ್ಲಿ ವೀಣಾಳ ಪಕ್ಕಕ್ಕೆ ಸರಿದು ಕುಳಿತೆ.

"ಆಂಟಿ! ಏನಾಯ್ತು? ಆಕ್ಸಿಡೆಂಟ್ ಆಯ್ತಾ?"

"ಇಲ್ಲವ್ವಾ. ಡಬ್ಬಿ ಎಲ್ಲಿ?"

"ಅಯ್ಯೋ, ಅದಕ್ಕೋಸ್ಕರ ಬಂದ್ರಾ? ಡಬ್ಬಿ ವಾಪಸ್ ಬೇಕಿತ್ತಾ? ಅದು ನಂದೇ ಅಲ್ವಾ ಆಂಟಿ?"

"ಡಬ್ಬಿ ನಿಂದು. ಒಳಗಿಂದು ನಂದು. ಎಲ್ಲಿ ಅದ?"

ವೀಣಾ ಗದ್ದದಿಂದ ಮುಂದಕ್ಕೆ ತೋರಿಸಿದಳು. "ಖಾಲಿ ಕೈಲಿ ಹೇಗ್ ಬರೋದು ಅಂತ, ಅಂಕಲ್ ಕೊಟ್ಟ ಉಂಡೆನ ಹಾಗೇ ದೇವರ ಮುಂದೆ ಇಟ್ಬಿಟ್ಟೆ. ನಿಮ್ ಕೈ ಉಂಡೆ ಅಂದ್ರೆ ಮಡಿಯಲ್ಲೇ ಮಾಡಿರ್ತೀರ ಅಂತ ಶಾಲಿನಿಗೂ ಹೇಳ್ದೆ."

ಮಂಟಪದ ಬಾಳೆಕಂಬಗಳ ನಡುವೆ, ರವೆಯ ಸಪಾದದ ಪಾತ್ರೆಯ ಬಲಕ್ಕೆ, ಹಣ್ಣುಗಳ ಎಡಕ್ಕೆ, ಮುಚ್ಚಳದ ಮೇಲೊಂದು ತುಳಸಿ ದಳ ಹೊತ್ತು ನನ್ನ ಇಪ್ಪತ್ತು ನಟ್ಟುಗಳು ನೈವೇದ್ಯಕ್ಕೆ ಕುಳಿತಿದ್ದವು!

ಒಂದು ಮನೆಯ ರವಿಕೆ ಖಣ ಇನ್ನೊಂದು ಮನೆಗೆ, ಅಲ್ಲಿಂದ ಮತ್ತೊಂದಕ್ಕೆ ಪ್ರಯಾಣ ಮಾಡುವುದನ್ನು ನಾನು ಕಂಡಿದ್ದೇನೆ. ನಾನೂ ಎಷ್ಟನ್ನೋ ಪ್ರಯಾಣ ಮಾಡಿಸಿದ್ದೇನೆ. ಚಕ್ರದ ನಟ್ಟುಗಳು ಹೀಗೆ ಹೋದದ್ದನ್ನು ಕಂಡಿರಲಿಲ್ಲ.

"ಅದನ್ನ ತಗೊಂಡು ಬಾ. ನಾ ಸೀಮಂತಕ್ಕ ಹೋಗಬೇಕು."

"ಪೂಜೆ ಮಧ್ಯೆ ದೇವರ ಮುಂದಿಂದ ಎತ್ತಕ್ಕಾಗುತ್ತಾ ಆಂಟಿ? ಶಾಲಿನಿ ನನ್ನ ಸಾಯಿಸ್ತಾಳೆ. ಇನ್ನು ಎರಡೇ ಅಧ್ಯಾಯ."

ಭಟ್ಟರಿಗೆ ಅವಸರವಿರಲಿಲ್ಲ. ಒಂದೊಂದು ವಾಕ್ಯವನ್ನೂ ಸಂಸ್ಕೃತದಲ್ಲಿ ಹೇಳಿ, ಕನ್ನಡದಲ್ಲಿ ಬಿಡಿಸಿ, ಮಕ್ಕಳಿಗಾಗಿ ಇಂಗ್ಲಿಷಿನಲ್ಲಿ ಮತ್ತೊಮ್ಮೆ ಹೇಳುತ್ತಿದ್ದರು. ಅವಸರಪಟ್ಟು ಪ್ರಸಾದ ಬಿಟ್ಟು ಓಡಿದವರಿಗೆ ಏನಾಯಿತು ಎಂಬ ಭಾಗ ಬಂದಾಗ ಅವರು ನನ್ನ ಕಡೆಗೇ ನೋಡಿದರು ಎಂದು ನನಗೆ ಅನಿಸಿತು. ಕಿಟಕಿಯಾಚೆ ಪೂರ್ವದ ಬೆಟ್ಟಗಳು ಒಂದೊಂದಾಗಿ ಮೋಡದೊಳಗೆ ಮಾಯವಾದವು.

ಕೊನೆಗೂ ಭಟ್ಟರು, "ನೈವೇದ್ಯದ ಪಾತ್ರೆಗಳ ಮುಚ್ಚಳ ತೆಗೀರಿ" ಎಂದರು.

ಶಾಲಿನಿ ಸಪಾದದ ಮುಚ್ಚಳ ತೆಗೆದಳು. ಘಮಘಮ. ಪಾಯಸದ್ದು ತೆಗೆದಳು. ಆಮೇಲೆ ನನ್ನ ಡಬ್ಬಿ. ಬಿಳಿ ಬಟ್ಟೆಯನ್ನು ಭಕ್ತಿಯಿಂದ ಪದರ ಪದರವಾಗಿ ಬಿಡಿಸಿದಳು. ದೀಪದ ಬೆಳಕಿನಲ್ಲಿ ನಟ್ಟುಗಳು ಝಗಝಗಿಸಿದವು.

ಮುಂದಿನ ಸಾಲಿನವರು ಕತ್ತು ಚಾಚಿ ನೋಡಿದರು.

ಭಟ್ಟರ ಕೈಯಲ್ಲಿನ ನೀರು ತುಂಬಿದ ಉದ್ಧರಣೆ ಗಾಳಿಯಲ್ಲೇ ನಿಂತಿತು. "ಇದು... ಯಾವ ಭಕ್ಷ್ಯ?"

"ಆಂಟಿ ಮಾಡಿದ್ದು" ಎಂದಳು ವೀಣಾ, ಕ್ಷೀಣ ಸ್ವರದಲ್ಲಿ.

ರೇಷ್ಮೆ ಸೀರೆಗಳೆಲ್ಲ ಒಟ್ಟಿಗೆ ಹಿಂದಕ್ಕೆ ತಿರುಗಿದವು. ನಾನು ಎದ್ದು ನಿಂತೆ. ಟೋಪಿ ಸರಿಮಾಡಿಕೊಂಡೆ. ಕೈ ಕಪ್ಪಾಗಿದೆ ಎಂಬುದು ಆಮೇಲೆ ನೆನಪಾಯಿತು.

"ಅವು ನಮ್ಮ ಕಾರಿನ ನಟ್ಟು. ಬಿಸಿ ನೀರಾಗ ಕುದಿಸೀನಿ. ಮಡಿಯೊಳಗ ಏನೂ ಕಮ್ಮಿ ಇಲ್ಲ."

ಮೊದಲು ನಕ್ಕವಳು ಶಾಲಿನಿಯ ಅತ್ತೆ. ಆಮೇಲೆ ಯಾರನ್ನೂ ತಡೆಯಲಾಗಲಿಲ್ಲ. ಭಟ್ಟರು ಮಾತ್ರ ಮುಖದ ಗಾಂಭೀರ್ಯ ಬಿಡದೆ, "ದೇವರ ಮುಂದೆ ಬಂದದ್ದು ಬಂದಾಯ್ತು, ಬರಿಗೈಲಿ ಕಳಿಸೋದು ಬೇಡ" ಎಂದು ನಟ್ಟುಗಳ ಮೇಲೂ ನೀರು ತಿರುವಿ, ಕುಂಕುಮ ಹಾಕಿ, ಮಂಗಳಾರತಿ ಎತ್ತಿದರು. ಪ್ರಸಾದ ತಿನ್ನದೆ ಯಾರೂ ನನ್ನನ್ನು ಬಿಡಲಿಲ್ಲ. ಕೈ ಚಾಚಲು ನಾಚಿಕೆಯಾಗಿ ಚಮಚ ಕೇಳಿದೆ. ವೀಣಾ ತನ್ನ ಕಾರಿನ ಸೀಟಿನ ಮೇಲೆ ಹಳೆಯ ಚಾದರ ಹಾಸಿ ನನ್ನನ್ನು ಕೂರಿಸಿಕೊಂಡು ಹೊರಟಳು. ದಾರಿಯುದ್ದಕ್ಕೂ "ಸಾರಿ ಆಂಟಿ" ಎನ್ನುವಳು, ಹಿಂದೆಯೇ ಕಿಸಕ್ಕನೆ ನಗುವಳು, ಮತ್ತೆ "ಸಾರಿ ಆಂಟಿ" ಎನ್ನುವಳು.

ಮನೆ ತಲುಪಿದಾಗ ಎರಡು ಗಂಟೆ ದಾಟಿತ್ತು. ಅಪರ್ಣಾಳ ಫೋನ್ ಬಂದಿತ್ತಂತೆ. ಘಾಟಿಯಲ್ಲಿ ಹಿಮ ಶುರುವಾಗಿದೆ, ಕತ್ತಲಾಗುವುದರೊಳಗೆ ದಾಟದಿದ್ದರೆ ರಸ್ತೆ ಮುಚ್ಚಬಹುದು, ಎಲ್ಲಿದ್ದೀರಿ?

"ನೀವೇನಂದ್ರಿ?"

"ನಿಮ್ಮವ್ವ ಸತ್ಯನಾರಾಯಣ ಪೂಜಾಕ್ಕ ಹೋಗ್ಯಾಳ ಅಂದೆ."

"ಮತ್ತ ಆಕಿ?"

"ಫೋನ್ ಇಟ್ಲು."

ಇನ್ನು ಮಾತಿಲ್ಲ. ಮಿಂಚಿನ ವೇಗದಲ್ಲಿ ಕೆಲಸ ನಡೆಯಿತು. ನಾನು "ಚಕ್ರ!" ಎಂದರೆ ಯಜಮಾನರು ನಾನು ಬೆರಳು ತೋರಿಸಿದ ಚಕ್ರ ಉರುಳಿಸಿ ತರುವರು. "ನಟ್ಟು!" ಎಂದರೆ ಕುಂಕುಮದ ನಟ್ಟು ಅಂಗೈಯಲ್ಲಿ. ಎದುರುಬದುರು ನಟ್ಟುಗಳನ್ನು ಕ್ರಮವಾಗಿ ಬಿಗಿದು, ಕಾರನ್ನು ನೆಲಕ್ಕಿಳಿಸಿ, ಮತ್ತೊಮ್ಮೆ ಬಿಗಿದು, ದೂರ ನಿಂತು ನೋಡಿದೆ. ಆಹಾ! ಥಳಥಳ ಹೊಳೆಯುವ ನಾಲ್ಕು ಚಕ್ರಗಳು! ಒಂದು ಕಲೆಯಿಲ್ಲ, ಒಂದು ಧೂಳಿನ ಕಣವಿಲ್ಲ.

ಧೂಳಿಲ್ಲವೇಕೆ?

ಹಿಮದ ಚಕ್ರಗಳು ಮಾರ್ಚಿನಿಂದ ಗರಾಜಿನ ಮೂಲೆಯಲ್ಲಿದ್ದವು. ಅವುಗಳ ಮೇಲೆ ಜೇಡರ ಬಲೆ ಇರಬೇಕು. ನಿಧಾನವಾಗಿ ಮೂಲೆಯ ಕಡೆ ತಿರುಗಿದೆ. ಜೇಡರ ಬಲೆ ಅಲ್ಲೇ ಇತ್ತು. ಅದರ ಕೆಳಗೆ ನಾಲ್ಕು ಹಿಮದ ಚಕ್ರಗಳೂ ಅಲ್ಲೇ ಇದ್ದವು. ಬಿಳಿ ಹಾಸು ಖಾಲಿಯಾಗಿತ್ತು. ಸ್ವಚ್ಛವಾದದ್ದೇ ಹೊಸದು ಎಂದು ನನ್ನ ಬೆರಳು ತಾನಾಗಿಯೇ ಬಿಳಿ ಹಾಸನ್ನು ತೋರಿಸಿತ್ತು. ಬೆಳಿಗ್ಗೆ ತೆಗೆದ ಚಕ್ರಗಳನ್ನೇ ತೊಳೆದು, ಪೂಜೆ ಮಾಡಿಸಿದ ನಟ್ಟು ಹಾಕಿ, ಮತ್ತೆ ಕೂಡಿಸಿದ್ದೆ!

"ರೀ. ನಿಮಗ ಇದು ಗೊತ್ತಿತ್ತೇನು?"

"ಗೊತ್ತಿತ್ತು."

"ಎಷ್ಟನೇ ಚಕ್ರದಾಗ ಗೊತ್ತಾತು?"

"ಒಂದನೇದಽ."

"ಮತ್ತ ಬಾಯಿ ಯಾಕ ಬಿಡಲಿಲ್ರಿ?"

"ಥಿಯೇಟರ್‌ನಾಗ ಮಾತು ಅಂದ್ರ ಸೋಂಕು ಅಂದಿದ್ದಿ."

ಟೋಪಿ ತೆಗೆದು ಅವರ ತಲೆಗೆ ಹಾಕಿದೆ. "ಈಗ ಸರ್ಜನ್ ನೀವು. ಎಷ್ಟು ಬೇಕಷ್ಟು ಮಾತಾಡ್ರಿ."

ಅವರು ಮಾತಾಡಲೂ ಇಲ್ಲ. ಒಂದು ಚಕ್ರ ತೆಗೆದರು, ಅಲ್ಲೇ ಇನ್ನೊಂದು ಹಾಕಿದರು, ಮುಂದಿನದಕ್ಕೆ ಹೋದರು. ನಾನು ಪಾನಾ ಕೊಟ್ಟೆ, ನಟ್ಟು ಕೊಟ್ಟೆ, ಬಾಯಿ ಮುಚ್ಚಿಕೊಂಡಿದ್ದೆ. ಮೂರೂವರೆಗೆ ಜೇಡರ ಬಲೆಯ ಸಮೇತ ಕಾರು ರಸ್ತೆಗಿಳಿಯಿತು. ತೊಳೆಯಲು ನನಗೆ ಅನುಮತಿ ಸಿಗಲಿಲ್ಲ. ಸೀರೆ, ಬಳೆ, ಅರಿಶಿನ ಕುಂಕುಮ, ಹೂವು ನನ್ನ ತೊಡೆಯ ಮೇಲೆ.

ಘಾಟಿಯಲ್ಲಿ ಹಿಮ ದಪ್ಪ ದಪ್ಪಗೆ ಬೀಳುತ್ತಿತ್ತು. ದೊಡ್ಡ ಲಾರಿಗಳು ಬದಿಗೆ ನಿಂತು ಚಕ್ರಗಳಿಗೆ ಸರಪಳಿ ಕಟ್ಟಿಕೊಳ್ಳುತ್ತಿದ್ದವು. ಒಂದು ಹೊಳೆಯುವ ಸಣ್ಣ ಕಾರು ಏರಿನಲ್ಲಿ ಅಡ್ಡಡ್ಡ ಜಾರಿ ದಿಬ್ಬಕ್ಕೆ ಮುಖವಿಟ್ಟು ನಿಂತಿತ್ತು. ನಮ್ಮ ಕಾರು ಎಮ್ಮೆ ಕೆಸರು ದಾಟುವಂತೆ ಗಂಭೀರವಾಗಿ ದಾಟಿತು. ಯಜಮಾನರು ಸೀಟಿ ಹಾಕಿದರು.

ಸ್ಪೋಕೇನ್ ತಲುಪಿದಾಗ ಊಟದ ಹೊತ್ತು. ಅಪರ್ಣಾ ಹೊಟ್ಟೆ ಹೊತ್ತು ಬಾಗಿಲಿಗೆ ಓಡಿ ಬಂದಳು. ಬಯ್ಯಬೇಕೆಂದು ಬಾಯಿ ತೆರೆದವಳು ಡಾಂಗ್ರಿಯಲ್ಲಿದ್ದ ನನ್ನನ್ನು ನೋಡಿ, "ಓ ಮೈ ಗಾಡ್, ಅಮ್ಮಾ" ಎಂದು ನನ್ನ ಕೊರಳಿಗೆ ಜೋತುಬಿದ್ದಳು. ಬಿಡಲಿಲ್ಲ. ನಾನೂ ಬಿಡಿಸಿಕೊಳ್ಳಲಿಲ್ಲ.

ಆಮೇಲೆ ಬಚ್ಚಲಿಗೆ ಹೋಗಿ ಕೈ ತೊಳೆದೆ. ಸೀರೆ ಉಟ್ಟು ಹೊರಗೆ ಬಂದೆ. ಹಾಲಿನಲ್ಲಿ ಹೆಂಗಸರ ಮೆಹಂದಿ ನಡೆದಿತ್ತು. ಬೀಗಿತ್ತಿ ವಿಮಲಾಬಾಯಿಯವರು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೈ ಹಿಡಿದು ತಿರುವಿ ನೋಡಿದರು. ಸರ್ಜನ್ ತೊಳೆಯುವಂತೆ ಮೊಣಕೈವರೆಗೆ ಉಜ್ಜಿದ್ದೆ. ಆದರೂ ಅಂಗೈಯ ಪ್ರತಿ ಗೆರೆಯಲ್ಲಿ, ಉಗುರಿನ ಸುತ್ತ, ಬೆರಳ ತುದಿಯಲ್ಲಿ ಗ್ರೀಸು ಗಟ್ಟಿಯಾಗಿ ಕುಳಿತಿತ್ತು. ಈಗ ಬರುತ್ತದೆ ಆ "ಪಾಪ" ಎಂದು ನಾನು ಕೈ ಸೆಳೆದುಕೊಳ್ಳಲು ನೋಡಿದೆ.

"ಅಯ್ಯ, ನೀವು ಅಲ್ಲೇ ಹಚ್ಚಿಸ್ಕೊಂಡು ಬಂದೀರಿ!" ಎಂದರು ಅವರು, ಕನ್ನಡಕ ಸರಿಮಾಡಿಕೊಳ್ಳುತ್ತ. "ಎಷ್ಟು ಸಣ್ಣ ಗೆರಿ! ಎಷ್ಟು ಗಾಢ ಬಂದದ ನೋಡ್ರೇ, ಎಲ್ಲಾರೂ ನೋಡ್ರಿ! ರೀತಿ ಅಂದ್ರ ಇವರದ ನೋಡ್ರಿ. ಯಾರ ಕಡೆ ಹಚ್ಚಿಸಿದ್ರಿ?"

"ಮನ್ಯಾಗಽ" ಎಂದೆ.

"ಮೆಹಂದಿ ಇಷ್ಟು ಕಪ್ಪಗ ಬಂತಂದ್ರ ಗಂಡನ ಪ್ರೀತಿ ಭಾಳ ಅಂತ ಅರ್ಥ. ಏನ್ರಿ ಶ್ರೀಪಾದರಾಯರ, ಹೌದಲ್ಲ?"

ಮೂಲೆಯ ಕುರ್ಚಿಯಲ್ಲಿ ಮೊಸರನ್ನ ಉಣ್ಣುತ್ತಿದ್ದ ನನ್ನ ಯಜಮಾನರು ಮೊದಲು ನನ್ನ ಕೈ ನೋಡಿದರು. ಆಮೇಲೆ, ಅಷ್ಟೇ ಕಪ್ಪಗಿದ್ದ ತಮ್ಮ ಕೈಯನ್ನು ತಟ್ಟೆಯ ಕೆಳಗೆ ಸರಿಸಿಕೊಂಡು, ಚಮಚದಲ್ಲಿ ಉಣ್ಣುವುದನ್ನು ಮುಂದುವರಿಸಿದರು.